ನಿಂತು ಬರೆದ ನೆಲ, ಕೂತು ಬರೆದ ನೆಲ

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಮೆಲ್ಬರ್ನ್‌ಗೆ ಬಂದು ನಾಲ್ಕು ತಿಂಗಳಾಯಿತು. ಸಾಗರದ ಕಡೆಯವಳು, ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಕಳೆದ ಭಾನುವಾರ ಫೆಡರೇಷನ್ ಸ್ಕ್ವೇರ್‌ನ ಆರ್ಟ್ ಗ್ಯಾಲರಿಗೆ ಕರೆದುಕೊಂಡು ಹೋಗಿದ್ದರು. ಹಳೆಯ ಚಿತ್ರಗಳೇನೋ ಅರ್ಥವಾದವು: ನದಿ, ಬೆಟ್ಟ, ಮರ. ಆಮೇಲೆ ಫ್ರೆಡ್ ವಿಲಿಯಮ್ಸ್ ಎನ್ನುವವರದ್ದು. ಕಂದು ಬಣ್ಣದ ಮೇಲೆ ಅಲ್ಲೊಂದು ಇಲ್ಲೊಂದು ಬಣ್ಣದ ಬೊಟ್ಟು, ಕುಂಚ ಒರೆಸಿದ ಬಟ್ಟೆಯ ಹಾಗೆ. ಅದು ಬೆಟ್ಟವಂತೆ! ಇನ್ನೊಂದು ಕಡೆ ಮೂಲನಿವಾಸಿಗಳ ಚಿತ್ರಗಳು. ಅದರಲ್ಲೊಂದು ಕಪ್ಪು ಬಟ್ಟೆಯ ಮೇಲೆ ಬರೀ ಬಿಳಿ ಗೆರೆಗಳ ಗೋಜಲು, ಗೋಡೆ ತುಂಬ. ಅಳಿಯ ‘ಅದು ಅಬ್‌ಸ್ಟ್ರಾಕ್ಟ್ ಅತ್ತೆ, ಅರ್ಥ ಹುಡುಕಬಾರದು’ ಎಂದರು. ಮಗಳು ‘ಇಲ್ಲಮ್ಮ, ಅದು ಮ್ಯಾಪ್’ ಎಂದಳು. ಪಕ್ಕದ ಚುಕ್ಕಿ ಚುಕ್ಕಿ ಚಿತ್ರಗಳನ್ನೂ ನೋಡಿದಾಗ ನನಗೆ ನಮ್ಮ ರಂಗೋಲಿ ನೆನಪಾಯಿತು. ಯಾರು ಸರಿ? ಇಂಥವನ್ನು ನೋಡುವುದು ಹೇಗೆ? ಹೊರಡುವ ಮೊದಲು ಚಿಕ್ಕದೊಂದು ಚಿತ್ರ ಕೊಂಡು ಊರಿಗೆ ಒಯ್ಯುವ ಆಸೆಯೂ ಇದೆ.

ಉತ್ತರ: ಮೂವರೂ ಸ್ವಲ್ಪ ಸ್ವಲ್ಪ ಸರಿ. ಅಳಿಯಂದಿರ ಪಾಲು ಮಾತ್ರ ತುಸು ಕಡಿಮೆ. ಯಾಕೆಂದು ಆಮೇಲೆ ಹೇಳುತ್ತೇನೆ.

ನೀವು ನೋಡಿದ ಆ ಗೆರೆಗಳ ಗೋಜಲು ಎಮಿಲಿ ಕಾಮ ಙ್ವಾರೆ ಎಂಬ ಹೆಂಗಸು 1995ರಲ್ಲಿ ಬರೆದದ್ದು. ಎಂಟು ಮೀಟರ್ ಅಗಲ, ಮೂರು ಮೀಟರ್‌ಗೆ ಸ್ವಲ್ಪ ಕಡಿಮೆ ಎತ್ತರ. ಕನ್ನಡ ಟೀಚರಾದ ನಿಮಗೊಂದು ಖುಷಿಯ ಸಂಗತಿ: ಈ ಹೆಸರಿನ ಮುಂದೆ ಇಂಗ್ಲಿಷಿನವರು ತಡವರಿಸುತ್ತಾರೆ, ನಮಗೆ ಆ ಕಷ್ಟವಿಲ್ಲ. ‘ಇದು ಎಲ್ಲಿ ಬರುತ್ತೆ ಮಿಸ್’ ಎಂದು ಮಕ್ಕಳು ಕೇಳುವ ನಮ್ಮ ಬಡಪಾಯಿ ಙ ಇಲ್ಲಿ ಪದದ ತಲೆಯಲ್ಲೇ ಕೂತಿದೆ. ಇಲ್ಲಿನ ಎಷ್ಟೋ ಮೂಲನಿವಾಸಿ ಭಾಷೆಗಳಲ್ಲಿ ಟ, ಣ, ಳ ಕೂಡ ಇವೆ. (ಇಷ್ಟಕ್ಕೇ ‘ದ್ರಾವಿಡರೇ ಆಸ್ಟ್ರೇಲಿಯಾಕ್ಕೆ ಹೋದವರು’ ಎಂಬ ವಾಟ್ಸಾಪ್ ಸಂದೇಶವನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ.)

ನೋಡುವುದು ಹೇಗೆ ಎಂದು ಕೇಳಿದ್ದೀರಿ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ‘ಇದು ಏನು’ ಎಂದು ಕೇಳಿಕೊಂಡೇ ಚಿತ್ರದಿಂದ ಚಿತ್ರಕ್ಕೆ ಓಡುತ್ತಿದ್ದೆ. ಕುದುರೆ ಲಾಳದ ಆಕಾರ ಕಂಡರೆ ಕೂತ ಹೆಂಗಸು, ಒಂದರೊಳಗೊಂದು ವೃತ್ತ ಕಂಡರೆ ನೀರಿನ ಗುಂಡಿ ಅಥವಾ ಬಿಡಾರ, ಎರಡು ಸಮಾನಾಂತರ ಗೆರೆ ಕಂಡರೆ ದಾರಿ, ಹೀಗೆ ಪುಸ್ತಕದಲ್ಲಿ ಪಟ್ಟಿ ಮಾಡಿಟ್ಟುಕೊಂಡಿದ್ದೆ. ಒಂದು ದಿನ ಸ್ನೇಹಿತರ ಗುಂಪಿಗೆ ಆ ಪಟ್ಟಿ ಹಿಡಿದು ಒಂದು ಚಿತ್ರ ಬಿಡಿಸಿ ಹೇಳುತ್ತಿದ್ದೆ. ಪಕ್ಕದಲ್ಲೇ ನಿಂತಿದ್ದ ಮೂಲನಿವಾಸಿ ಸಮುದಾಯದ ಹಿರಿಯ ಹೆಂಗಸೊಬ್ಬರು ಎಲ್ಲ ಕೇಳಿಸಿಕೊಂಡು ‘ನೀನು ಆ ಊರಿನವಳಾ?’ ಎಂದರು. ಅಷ್ಟೇ ಕೇಳಿ ಮುಂದೆ ಹೋದರು. ಆ ಪಟ್ಟಿಯಲ್ಲಿ ತಪ್ಪಿರಲಿಲ್ಲ, ಆದರೆ ಅದೇ ವೃತ್ತ ಒಬ್ಬರಿಗೆ ಬಾವಿ, ಇನ್ನೊಬ್ಬರಿಗೆ ಬೆಂಕಿ, ಮತ್ತೊಬ್ಬರಿಗೆ ಹೊರಗಿನವರಿಗೆ ಹೇಳಬಾರದ ಜಾಗ. ನಿಘಂಟು ಹಿಡಿದು ಕಾವ್ಯ ಓದುವವರನ್ನು ನೀವು ತರಗತಿಯಲ್ಲಿ ಕಂಡಿರುತ್ತೀರಿ, ನಾನು ಅವರಲ್ಲೊಬ್ಬಳಾಗಿದ್ದೆ.

ಅಲ್ಲಿಂದ ಮುಂದೆ ಪ್ರಶ್ನೆ ಬದಲಿಸಿಕೊಂಡೆ. ಯಾವ ನೆಲದ ಚಿತ್ರದ ಮುಂದೆ ನಿಂತರೂ ಮೊದಲು ಕೇಳಿಕೊಳ್ಳುವುದು ಇದನ್ನು: ಬರೆದವರ ಮೈ ಎಲ್ಲಿತ್ತು? ನಿಂತಿದ್ದರೋ, ಕೂತಿದ್ದರೋ? ಆ ನೆಲದ ಹೊರಗೋ, ಒಳಗೋ?

ನಿಮಗೆ ಅರ್ಥವಾದ ಹಳೆಯ ಚಿತ್ರಗಳಿಂದಲೇ ಶುರು ಮಾಡೋಣ. ಅರ್ಥರ್ ಸ್ಟ್ರೀಟನ್ 1896ರಲ್ಲಿ ಬರೆದ ಹಾಕ್ಸ್‌ಬರಿ ನದಿಯ ದೊಡ್ಡ ಚಿತ್ರ ಈ ಗ್ಯಾಲರಿಯ ಹೆಮ್ಮೆಯ ಆಸ್ತಿ. ಬರೆದ ವರ್ಷವೇ ಕೊಂಡರು. ಸುಡುಬಿಸಿಲಿನಲ್ಲಿ ದಡದ ಮೇಲೆ ಈಸೆಲ್ ನಿಲ್ಲಿಸಿಕೊಂಡು, ಎರಡು ದಿನದಲ್ಲಿ ಮುಗಿಸಿದ ಚಿತ್ರ. ಕೆಳಗೆ ನದಿ, ಅದರಾಚೆ ಬಯಲು, ಅದರಾಚೆ ನೀಲಿ ಬೆಟ್ಟದ ಸಾಲು, ಮೇಲೆ ಆಕಾಶ. ಚಿತ್ರಕಾರ ಎತ್ತರದ ಜಾಗದಲ್ಲಿ ನಿಂತಿದ್ದಾನೆ, ನಿಮ್ಮನ್ನೂ ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದಾನೆ. ಜೋಗದ ಬಂಗಲೆ ಕಟ್ಟೆಯ ಮೇಲೆ ನಿಂತು ಜಲಪಾತ ನೋಡುತ್ತೇವಲ್ಲ, ಹಾಗೆ. ಈ ಭಂಗಿ ನಮಗೆಲ್ಲ ಎಷ್ಟು ರೂಢಿಯಾಗಿದೆಯೆಂದರೆ ಅದು ಭಂಗಿ ಎಂಬುದೇ ಮರೆತುಹೋಗಿದೆ. ಅದಕ್ಕೇ ಆ ಚಿತ್ರ ‘ಅರ್ಥವಾಯಿತು’.

ಅಲ್ಲೇ ಫ್ರೆಡರಿಕ್ ಮ್ಯಾಕ್‌ಕಬಿನ್ ಅವರ ‘ದಿ ಪಯೋನಿಯರ್’ (1904) ಕೂಡ ಇರಬೇಕು, ಮೂರು ಹಲಗೆಯ ಚಿತ್ರ. ಕಾಡಿಗೆ ಬಂದಿಳಿದ ಗಂಡಹೆಂಡತಿ. ಮರ ಕಡಿದು ಮನೆ ಮಾಡಿಕೊಂಡ ಸಂಸಾರ. ಕೊನೆಗೆ ಒಂದು ಸಮಾಧಿ, ದೂರದಲ್ಲಿ ಮೇಲೆದ್ದ ನಗರ. ಕಣ್ಣು ತೇವವಾಗುವಂಥ ಚಿತ್ರ, ನನಗೂ ಇಷ್ಟ. ಆದರೆ ಮೂರೂ ಹಲಗೆಯಲ್ಲಿ ಹುಡುಕಿ ನೋಡಿ, ಆ ಕಾಡಿನ ಮೊದಲಿನ ಮನುಷ್ಯರು ಒಬ್ಬರೂ ಇಲ್ಲ. ಇದು ಯಾರದೂ ಅಲ್ಲದ ನೆಲ ಎಂಬ ಮಾತಿನ ಮೇಲೇ ಈ ದೇಶದ ಜಮೀನು ಕಾನೂನು ನಿಂತಿತ್ತು. ಅದನ್ನು ಹೈಕೋರ್ಟ್ (ಇಲ್ಲಿ ಅದೇ ಎಲ್ಲಕ್ಕಿಂತ ಮೇಲಿನ ಕೋರ್ಟು) ತಳ್ಳಿಹಾಕಿದ್ದು 1992ರಲ್ಲಿ, ಮಾಬೋ ಪ್ರಕರಣದಲ್ಲಿ. ಚಿತ್ರಕಾರರು ಸುಳ್ಳು ಹೇಳಿದರೆಂದು ನಾನು ಹೇಳುತ್ತಿಲ್ಲ. ನಿಂತ ಜಾಗದಿಂದ ಅವರಿಗೆ ಕಂಡದ್ದು ಅಷ್ಟು.

ಬೇರೆ ಜಾಗದಿಂದ ಬೇರೆ ಕಾಣುತ್ತಿತ್ತು ಎನ್ನುವುದಕ್ಕೆ ಸಾಕ್ಷಿ ಇದೇ ಊರಿನಲ್ಲಿದೆ. ಮೆಲ್ಬರ್ನ್ ನಡುವೆ ಹರಿಯುವ ಯಾರಾ ನದಿ, ಈ ನೆಲದ ಮೂಲನಿವಾಸಿಗಳಾದ ವುರುಂಜೆರಿ ಜನರ ಬಾಯಲ್ಲಿ ಬಿರರಂಗ್. 1880ರ ದಶಕದ ಕೊನೆಯಲ್ಲಿ ಸ್ಟ್ರೀಟನ್ ಮತ್ತು ಗೆಳೆಯರು ಇದರ ದಡದ ಹೈಡಲ್‌ಬರ್ಗ್‌ನಲ್ಲಿ ಬಿಡಾರ ಹೂಡಿ ಬಯಲ ಬೆಳಕನ್ನು ಬರೆಯುತ್ತಿದ್ದರು. ಅದೇ ನದಿಯ ಮೇಲ್ದಂಡೆಯಲ್ಲಿ, ಹೀಲ್ಸ್‌ವಿಲ್ ಹತ್ತಿರದ ಕೊರಂಡರ್ಕ್ ಎಂಬಲ್ಲಿ, ವುರುಂಜೆರಿ ಹಿರಿಯ ವಿಲಿಯಂ ಬರಾಕ್ ಕೂಡ ಆ ಕಾಲದಲ್ಲೇ ಚಿತ್ರ ಬರೆಯುತ್ತಿದ್ದರು. ಅವರು 1903ರಲ್ಲಿ ತೀರಿಕೊಂಡರು. ಕಾಗದದ ಮೇಲೆ ಮಸಿ, ಕೆಮ್ಮಣ್ಣು, ಪೆನ್ಸಿಲು, ಜಲವರ್ಣ. ಪಾಸಮ್ ಎಂಬ ಪ್ರಾಣಿಯ ಚರ್ಮದ ಹೊದಿಕೆ ಹೊದ್ದು ಸಾಲಾಗಿ ನಿಂತವರು, ಕೂತು ತಾಳ ಹಾಕುವವರು, ಕುಣಿಯುವವರು. ದೂರದ ಬೆಟ್ಟವಿಲ್ಲ, ದಿಗಂತವೂ ಇಲ್ಲ. ನೆಲವನ್ನು ತೋರಿಸಬೇಕಾದರೆ ಅವರು ಜನರ ಕುಣಿತವನ್ನು ಬರೆದರು. ಮುಂದಿನ ಸಲ ಹೋದಾಗ ಬರಾಕ್ ಅವರ ಚಿತ್ರ ಗೋಡೆಯ ಮೇಲಿದ್ದರೆ ಬಿಡಬೇಡಿ. ಕಾಗದ ಬೆಳಕಿಗೆ ಬೇಗ ಮಾಸುವುದರಿಂದ ಸದಾ ಹೊರಗಿಟ್ಟಿರುವುದಿಲ್ಲ.

ಈಗ ನಿಮ್ಮ ‘ಕುಂಚ ಒರೆಸಿದ ಬಟ್ಟೆ’. ಬೈಗುಳವೆಂದು ಬರೆದಿದ್ದೀರೋ ಏನೋ, ಗುರಿಗೆ ಹತ್ತಿರವೇ ಬಿದ್ದಿದೆ. ಫ್ರೆಡ್ ವಿಲಿಯಮ್ಸ್ (1927–1982) ಮೆಲ್ಬರ್ನ್‌ನಲ್ಲೇ ಹುಟ್ಟಿದವರು. ಲಂಡನ್ನಿನಲ್ಲಿ ಐದು ವರ್ಷ ಇದ್ದು 1950ರ ದಶಕದ ಕೊನೆಯಲ್ಲಿ ವಾಪಸಾದಾಗ ಅವರಿಗೆ ಇಲ್ಲಿನ ಕುರುಚಲು ಕಾಡು ಹೊಸದಾಗಿ ಕಂಡಿತು. ಯುರೋಪಿನ ನಿಸರ್ಗಚಿತ್ರದಲ್ಲಿ ಕಣ್ಣು ಕೂರಲು ಒಂದು ಜಾಗ ಇರುತ್ತದೆ: ಒಂದು ದೊಡ್ಡ ಮರ, ಒಂದು ಚರ್ಚು, ಒಂದು ಹೊಳೆ. ಇಲ್ಲಿ ಮೈಲಿಗಟ್ಟಲೆ ಒಂದೇ ಥರದ ನೀಲಗಿರಿ ಮರ, ಒಂದೇ ಥರದ ಒಣ ನೆಲ. ಯಾವುದೂ ಮುಖ್ಯವಲ್ಲ, ಎಲ್ಲವೂ ಸಮ. ಇದನ್ನು ಬರೆಯುವುದು ಹೇಗೆ? ಮೆಲ್ಬರ್ನ್‌ನಿಂದ ಗೀಲಾಂಗ್ ದಾರಿಯಲ್ಲಿ ಯು ಯಾಂಗ್ಸ್ ಎಂಬ ಗುಡ್ಡಗಳಿವೆ. 1960ರ ದಶಕದ ಆರಂಭದಲ್ಲಿ ಅವರು ಅದರ ಮೇಲೇರಿ ಕೆಳಗಿನ ಬಯಲು ನೋಡಿದರು, ದಿಗಂತವನ್ನೇ ಚಿತ್ರದಿಂದ ಹೊರಗೆ ತಳ್ಳಿದರು. ಉಳಿದದ್ದು ನೆಲದ ಬಣ್ಣ, ಅದರ ಮೇಲೆ ಒಂದೊಂದು ಮರಕ್ಕೆ ಒಂದೊಂದು ಗಟ್ಟಿ ಬೊಟ್ಟು. ಆಮೇಲೆ ಅಪ್‌ವೇ ಎಂಬ ಬೆಟ್ಟದೂರಿನಲ್ಲಿ ಮನೆ ಮಾಡಿ ಬರೆದ ಚಿತ್ರಗಳಲ್ಲಿ ಒಂದು ಇಳಿಜಾರು ಚಿತ್ರದ ಮುಕ್ಕಾಲು ಪಾಲನ್ನು ಗೋಡೆಯಂತೆ ತುಂಬಿ, ಆಕಾಶ ಮೇಲೆ ಚೂರೇ ಚೂರು ಉಳಿಯುತ್ತದೆ.

ವಿಲಿಯಮ್ಸ್ ಚಿತ್ರವನ್ನು ಎರಡು ಸಲ ನೋಡಬೇಕು. ಒಮ್ಮೆ ಕೋಣೆಯ ಆ ತುದಿಯಿಂದ. ಆಗ ಅದು ಬೆಟ್ಟ, ಬೇಸಿಗೆ, ಒಣ ಹುಲ್ಲಿನ ವಾಸನೆ. ಇನ್ನೊಮ್ಮೆ ಕೈ ಚಾಚುವಷ್ಟು ಹತ್ತಿರದಿಂದ. ಆಗ ಬರೀ ಬಣ್ಣ. ಒಂದು ಬೊಟ್ಟಿನಲ್ಲೇ ಕಂದು, ನೇರಳೆ, ಹಳದಿ ಮೂರೂ ಸೇರಿರುತ್ತವೆ, ಕುಂಚ ಒತ್ತಿ ತಿರುಗಿಸಿ ಎತ್ತಿದ ಗುರುತೂ ಕಾಣುತ್ತದೆ. ಈ ಎರಡರ ನಡುವೆ ಹಿಂದೆಮುಂದೆ ನಡೆಯುವುದೇ ಅವರನ್ನು ನೋಡುವ ಕ್ರಮ. ಕೂತು ನೋಡಿದರೆ ಅರ್ಧ ಸಿಗುತ್ತದೆ. ಅಳಿಯಂದಿರ ‘ಅಬ್‌ಸ್ಟ್ರಾಕ್ಟ್’ ಇಲ್ಲಿಗಾದರೆ ಸುಮಾರಾಗಿ ಒಪ್ಪುತ್ತದೆ: ಕಂಡದ್ದರಲ್ಲಿ ಬೇಡದ್ದನ್ನು ಒಂದೊಂದಾಗಿ ಕಳೆಯುತ್ತ ಹೋದ ಮನುಷ್ಯ ಇವರು.

ಅವರ ಕೊನೆಯ ದೊಡ್ಡ ಕೆಲಸ ಪಿಲ್ಬರಾ ಸರಣಿ. ಪಶ್ಚಿಮ ಆಸ್ಟ್ರೇಲಿಯಾದ ಕಬ್ಬಿಣದದಿರಿನ ನಾಡು ಅದು. ಗಣಿ ಕಂಪನಿಯ ಮುಖ್ಯಸ್ಥರೇ ಕರೆದುಕೊಂಡು ಹೋಗಿ ತೋರಿಸಿದ್ದು, 1979ರಲ್ಲಿ. ಬಳ್ಳಾರಿ-ಸಂಡೂರಿನ ಮಣ್ಣು ಕಂಡವರಿಗೆ ಆ ಕೆಂಪು ತಟ್ಟನೆ ಗುರುತು ಸಿಗುತ್ತದೆ. ಆ ಸರಣಿಯನ್ನು 2001ರಲ್ಲಿ ರಿಯೋ ಟಿಂಟೊ ಗಣಿ ಕಂಪನಿ ಈ ಗ್ಯಾಲರಿಗೆ ದಾನವಾಗಿ ಕೊಟ್ಟಿತು. 2020ರ ಮೇ ತಿಂಗಳಲ್ಲಿ ಅದೇ ಕಂಪನಿ ಅದೇ ಪಿಲ್ಬರಾದಲ್ಲಿ, ಗಣಿ ವಿಸ್ತರಿಸಲು, ಜೂಕನ್ ಕಮರಿಯ ಬಂಡೆ ಗವಿಗಳನ್ನು ಸಿಡಿಮದ್ದಿಟ್ಟು ಉರುಳಿಸಿತು. 46,000 ವರ್ಷಗಳಿಂದ ಮನುಷ್ಯರು ಬಂದುಹೋಗಿದ್ದಕ್ಕೆ ಗುರುತುಗಳಿದ್ದ ಜಾಗ. ಆ ನೆಲದ ಜನ ಬೇಡವೆಂದಿದ್ದರೂ ಕಾನೂನಿನ ಅನುಮತಿ ಇತ್ತು. ವಿಲಿಯಮ್ಸ್ ಅವರ ಕೆಂಪು ಬೆಟ್ಟಗಳು ಇದರಿಂದ ಕಡಿಮೆ ಸುಂದರವಾಗಲಿಲ್ಲ. ನನಗೆ ಮಾತ್ರ ಅವುಗಳ ಮುಂದೆ ನಿಂತಾಗ ಚಿತ್ರದಲ್ಲಿ ಇಲ್ಲದ್ದೂ ನೆನಪಾಗುತ್ತದೆ.

ನಿಂತವರಿಂದ ಕೂತವರ ಕಡೆಗೆ ಹೋಗುವ ಮುನ್ನ ಒಬ್ಬರ ಹತ್ತಿರ ನಿಲ್ಲಬೇಕು. ಆಲ್ಬರ್ಟ್ ನಮತ್ಜಿರಾ (1902–1959) ಮರುಭೂಮಿಯ ನಡುವಿನ ಹರ್ಮನ್ಸ್‌ಬರ್ಗ್ ಎಂಬ ಮಿಷನ್ ಊರಿನ ಅರಂಡ ಸಮುದಾಯದವರು. 1936ರಲ್ಲಿ ರೆಕ್ಸ್ ಬ್ಯಾಟರ್‌ಬಿ ಎಂಬ ಬಿಳಿಯ ಚಿತ್ರಕಾರರ ಜತೆ ಅಲೆದು ಜಲವರ್ಣ ಕಲಿತರು, 1938ರಲ್ಲಿ ಮೆಲ್ಬರ್ನ್‌ನಲ್ಲಿ ಪ್ರದರ್ಶನ ಮಾಡಿದರು. ನೇರಳೆ ಬೆಟ್ಟ, ಮುಂದುಗಡೆ ಬೆಳ್ಳನೆಯ ನೀಲಗಿರಿ ಮರ; ಅದರ ಪ್ರಿಂಟು ಇಲ್ಲದ ಡ್ರಾಯಿಂಗ್ ರೂಮೇ ಇರಲಿಲ್ಲ ಎನ್ನುತ್ತಾರೆ ಇಲ್ಲಿನ ಹಳಬರು. ವಿಮರ್ಶಕರು ಮೂಗು ಮುರಿದರು: ಇದು ಬಿಳಿಯರ ಶೈಲಿಯ ನಕಲು, ನಿಜವಾದ ಮೂಲನಿವಾಸಿ ಕಲೆ ಅಲ್ಲ ಎಂದು. ನನ್ನ ಪ್ರಶ್ನೆ ಹಾಕಿ ನೋಡಿ. ಮೈ ಎಲ್ಲಿತ್ತು? ಸ್ಟ್ರೀಟನ್ ಹಾಗೇ ನಿಂತಿದ್ದಾರೆ, ನಿಜ. ಆದರೆ ನಿಂತದ್ದು ತಮ್ಮ ಹಿರಿಯರ ಅಂಗಳದಲ್ಲಿ. ಆ ಒಂದೊಂದು ಬೆಟ್ಟಕ್ಕೂ ಅರಂಡ ಹೆಸರಿದೆ, ಕಥೆಯಿದೆ, ಇಂಥ ಬೆಟ್ಟ ಇಂಥ ಮನೆತನದ ಹೊಣೆ ಎಂಬ ಕಟ್ಟಳೆಯಿದೆ. ಬೆಂಗಳೂರಿನಲ್ಲಿ ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಜಲವರ್ಣಗಳನ್ನು ನೀವು ನೋಡಿರಬಹುದು. ಮಂಜಿನ ನಡುವೆ ಬೆಟ್ಟ ಕಾಣುವ ಅದೇ ನಾಜೂಕು ಇಲ್ಲೂ ಇದೆ. ವೆಂಕಟಪ್ಪನವರು ಬೆಟ್ಟ ನೋಡಲು ಹೋದ ಅತಿಥಿ, ನಮತ್ಜಿರಾ ಮನೆಯವರು.

ಅವರ ಬಾಳಿನ ಕೊನೆ ಚೆನ್ನಾಗಿರಲಿಲ್ಲ. 1957ರಲ್ಲಿ ಅವರಿಗೆ ಪೂರ್ಣ ಪೌರತ್ವ ಕೊಟ್ಟರು. ಬಳಗದವರಿಗೆ ಸಿಗದ ಹಕ್ಕು, ಮದ್ಯ ಕೊಳ್ಳುವ ಹಕ್ಕೂ ಸೇರಿ, ಅವರಿಗೆ ಸಿಕ್ಕಿತು. ಕೈಗೆ ಬಂದದ್ದನ್ನು ಬಳಗದ ಜತೆ ಹಂಚಿಕೊಳ್ಳದವನನ್ನು ಅವರ ಸಮಾಜ ಮನುಷ್ಯ ಎನ್ನುವುದಿಲ್ಲ. ಹಂಚಿಕೊಂಡರೆ ಸರ್ಕಾರದ ಕಾನೂನಿನಲ್ಲಿ ಅಪರಾಧ. 1958ರಲ್ಲಿ ಶಿಕ್ಷೆಯಾಯಿತು. ಎರಡು ತಿಂಗಳು ಪಾಪುನ್ಯಾ ಎಂಬ ಸರ್ಕಾರಿ ವಸತಿಯಲ್ಲಿ ಕಳೆದು ಬಂದ ಮೇಲೆ ಅವರು ಹೆಚ್ಚು ದಿನ ಬದುಕಲಿಲ್ಲ.

ಪಾಪುನ್ಯಾ ಎಂಬ ಹೆಸರು ನೆನಪಿಟ್ಟುಕೊಳ್ಳಿ, ನಿಮ್ಮ ಚುಕ್ಕಿಗಳು ಬರುವುದು ಅಲ್ಲಿಂದಲೇ. 1971ರಲ್ಲಿ ಜೆಫ್ರಿ ಬಾರ್ಡನ್ ಎಂಬ ಶಾಲಾ ಮೇಷ್ಟ್ರು ಅಲ್ಲಿಗೆ ಬಂದರು. ಅವರ ಉತ್ತೇಜನದಿಂದ ಊರಿನ ಹಿರಿಯರು ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಕಥೆ ಬರೆದರು. ಅಲ್ಲಿಯವರೆಗೆ ಮರಳ ಮೇಲೆ, ಮೈಮೇಲೆ ಬರೆದು ವಿಧಿ ಮುಗಿದ ಮೇಲೆ ಅಳಿಸುತ್ತಿದ್ದ ಆಕಾರಗಳು ಹೀಗೆ ಗೋಡೆಗೆ, ಹಲಗೆ ತುಂಡುಗಳಿಗೆ, ಆಮೇಲೆ ಕ್ಯಾನ್ವಾಸಿಗೆ ಬಂದವು. ಮರುವರ್ಷ ಚಿತ್ರಕಾರರು ಪಾಪುನ್ಯಾ ಟೂಲಾ ಎಂಬ ತಮ್ಮದೇ ಸಂಸ್ಥೆ ಕಟ್ಟಿಕೊಂಡರು. ಕರಾವಳಿಯ ನಾಗಮಂಡಲ ನೋಡಿದ್ದರೆ ನಿಮಗೆ ಇದರ ಹಿಂದಿನ ಸಂಕಟ ಹೊಳೆಯುತ್ತದೆ. ರಾತ್ರಿಯೆಲ್ಲ ಬಣ್ಣದ ಪುಡಿಯಲ್ಲಿ ಬರೆದ ಮಂಡಲ ಬೆಳಗಾಗುವಷ್ಟರಲ್ಲಿ ಅಳಿಯಬೇಕು. ಅದನ್ನೇ ಮಾರಾಟದ ವಸ್ತು ಮಾಡಿ ಗೋಡೆಗೆ ನೇತುಹಾಕಿದರೆ? ಪಾಪುನ್ಯಾದಲ್ಲೂ ಇದೇ ತಕರಾರು ಎದ್ದಿತು. ದೀಕ್ಷೆಯಾದವರು ಮಾತ್ರ ನೋಡಬೇಕಾದ್ದನ್ನು ಊರವರೆಲ್ಲ ನೋಡುವಂತೆ ಬರೆದಿದ್ದೀರಿ ಎಂದು ಬೇರೆ ಸಮುದಾಯದ ಹಿರಿಯರು ಸಿಟ್ಟಾದರು. ಆಮೇಲಿನ ಚಿತ್ರಗಳಲ್ಲಿ ಅಂಥ ಆಕಾರಗಳು ಕಡಿಮೆಯಾದವು, ಚುಕ್ಕಿಗಳು ಹೆಚ್ಚಾದವು.

ನಿಮ್ಮ ರಂಗೋಲಿಗೂ ಈ ಚಿತ್ರಗಳಿಗೂ ವ್ಯತ್ಯಾಸ ಇರುವುದು ಇಲ್ಲಿ. ಚುಕ್ಕಿ ರಂಗೋಲಿಯಲ್ಲಿ ಚುಕ್ಕಿ ಮೊದಲು, ಗೆರೆ ಆಮೇಲೆ. ಚುಕ್ಕಿ ಲೆಕ್ಕ ತಪ್ಪಿದರೆ ಗೆರೆ ತಪ್ಪುತ್ತದೆ. ಪಾಪುನ್ಯಾ ಚಿತ್ರದಲ್ಲಿ ಹೆಚ್ಚಾಗಿ ಆಕಾರ ಮೊದಲು ಬರುತ್ತದೆ, ಚುಕ್ಕಿ ಕೊನೆಗೆ. ನಮ್ಮಲ್ಲಿ ಅದು ಅಡಿಪಾಯ, ಅಲ್ಲಿ ಅದು ತೆರೆ. ಸುತ್ತ ತುಂಬುತ್ತದೆ, ಮಿನುಗಿಸುತ್ತದೆ, ಕೆಲವೊಮ್ಮೆ ಮುಚ್ಚಿಡುತ್ತದೆ. ಹಾಗಾಗಿ ಇಂಥ ಚಿತ್ರದ ಮುಂದೆ ‘ಪೂರ್ತಿ ಅರ್ಥವಾಗಲಿಲ್ಲ’ ಎಂದು ಬೇಜಾರಾಗಬೇಡಿ, ಪೂರ್ತಿ ಅರ್ಥವಾಗಬಾರದೆಂದೇ ಬರೆದಿರಬಹುದು. ಪಕ್ಕದ ಫಲಕದಲ್ಲಿ ಕಥೆಯ ನಾಲ್ಕು ಸಾಲು ಮಾತ್ರ ಇದ್ದರೆ, ಹೊರಗಿನವರಿಗೆ ಹೇಳಲು ಒಪ್ಪಿದ್ದು ಅಷ್ಟೇ ಎಂದು ತಿಳಿಯಿರಿ.

ಕಥೆ ಎಂದೆ. ಫಲಕಗಳಲ್ಲಿ ‘ಡ್ರೀಮಿಂಗ್’ ಎಂಬ ಪದ ಓದಿರುತ್ತೀರಿ. ಕನಸು ಎಂದುಕೊಂಡರೆ ದಾರಿ ತಪ್ಪುತ್ತೀರಿ. ಪಶ್ಚಿಮ ಮರುಭೂಮಿಯವರು ಜುಕುರ್ಪಾ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ಹತ್ತಿರದ ಪದ ಸ್ಥಳಪುರಾಣ ಎಂದು ನನ್ನ ಎಣಿಕೆ: ಈ ಬಂಡೆ ಹೀಗೇಕಿದೆ, ಈ ಹೊಳೆ ಇಲ್ಲೇಕೆ ತಿರುಗಿತು, ಯಾರು ಇಲ್ಲಿ ಹಾದುಹೋದರು. ಆದರೆ ನಮ್ಮ ಸ್ಥಳಪುರಾಣವನ್ನು ಯಾರು ಬೇಕಾದರೂ ಹೇಳಬಹುದು, ಎರಡು ರೂಪಾಯಿಯ ಪುಸ್ತಕದಲ್ಲಿ ಅಚ್ಚಾಗುತ್ತದೆ. ಜುಕುರ್ಪಾ ಹೇಳಲು, ಬರೆಯಲು ಹಕ್ಕು ಬೇಕು. ಅದು ತಂದೆಯ ಕಡೆಯಿಂದ, ತಾಯಿಯ ಕಡೆಯಿಂದ, ಹುಟ್ಟಿದ ಜಾಗದಿಂದ ಬರುತ್ತದೆ. ಹೆಸರುಗಳಲ್ಲೇ ಅದರ ಸುಳಿವಿದೆ. ಜಪಲ್ಜಾರಿ, ನಪಲ್ಜಾರಿ ಎಂದು ಮತ್ತೆ ಮತ್ತೆ ಓದಿರುತ್ತೀರಿ. ಅವು ಮನೆಹೆಸರಲ್ಲ, ಒಂದು ಥರದ ಬಳಿ ಅಥವಾ ಬೆಡಗು. ‘ಜ’ದಿಂದ ಶುರುವಾದರೆ ಗಂಡಸು, ‘ನ’ದಿಂದ ಶುರುವಾದರೆ ಹೆಂಗಸು. ಯಾರು ಯಾರನ್ನು ಮದುವೆಯಾಗಬಹುದು ಎಂಬುದರಿಂದ ಹಿಡಿದು ಎಲ್ಲ ಅದರಿಂದಲೇ ನಿಶ್ಚಯವಾಗುತ್ತದೆ. ಬಳಿ ಕೇಳದೆ ಸಂಬಂಧ ಬೆಳೆಸದ ಊರಿನಿಂದ ಬಂದ ನಿಮಗೆ ಇದನ್ನು ವಿವರಿಸಬೇಕಿಲ್ಲ.

ಇಷ್ಟಾದ ಮೇಲೆ ಎಮಿಲಿ ಹತ್ತಿರ ವಾಪಸು ಬರೋಣ. ಆಕೆ ಹುಟ್ಟಿದ್ದು ಸುಮಾರು 1910ರಲ್ಲಿ, ಆಲಿಸ್ ಸ್ಪ್ರಿಂಗ್ಸ್‌ನ ಈಶಾನ್ಯಕ್ಕಿರುವ ಅಲ್ಹಲ್ಕೆರ ಎಂಬಲ್ಲಿ. ಯುಟೋಪಿಯಾ ಎಂದು ಬಿಳಿಯರು ಹೆಸರಿಟ್ಟ ದನ ಸಾಕುವ ಸೀಮೆ. ಬಾಳಿನ ಬಹುಪಾಲು ದನದ ಫಾರಂಗಳ ಕೂಲಿ. 1977ರಿಂದ ಇತರ ಹೆಂಗಸರ ಜತೆ ಬಾಟಿಕ್ ಕಲಿತು ಬಟ್ಟೆಗೆ ಮೇಣ ಬರೆದರು. ಕ್ಯಾನ್ವಾಸಿಗೆ ಮೊದಲು ಬಣ್ಣ ಹಚ್ಚಿದಾಗ ಎಂಬತ್ತರ ಹತ್ತಿರ. 1996ರಲ್ಲಿ ತೀರಿಕೊಳ್ಳುವವರೆಗಿನ ಸುಮಾರು ಎಂಟು ವರ್ಷದಲ್ಲಿ ಮೂರು ಸಾವಿರದಷ್ಟು ಚಿತ್ರ. ನಿವೃತ್ತಿಯಾಯಿತು ಎಂದು ಬರೆದಿದ್ದೀರಲ್ಲ, ಅದಕ್ಕೇ ಹೇಳಿದೆ.

ಏನು ಬರೆದಿದ್ದೀರಿ ಎಂದು ಕೇಳಿದರೆ ಆಕೆಯ ಉತ್ತರ ಸದಾ ಒಂದೇ: ಎಲ್ಲವನ್ನೂ, ಅಷ್ಟನ್ನೂ. ಗೆಣಸು, ಅದರ ಬೀಜ, ಹುಲ್ಲಿನ ಕಾಳು, ಮುಳ್ಳು ಓತಿ, ಎಮು ಹಕ್ಕಿ, ಎಲ್ಲ ಸೇರಿ ಅಲ್ಹಲ್ಕೆರ. ಆಕೆಯ ನಡುಹೆಸರು ‘ಕಾಮ’ ಎಂದರೆ ಅಲ್ಲಿನ ಕಾಡುಗೆಣಸಿನ ಬೀಜ. ನೀವು ನೋಡಿದ ಚಿತ್ರ ಆ ಗೆಣಸಿನದು. ಬಳ್ಳಿ ಒಣಗಿದ ಮೇಲೆ ನೆಲದಡಿಯ ಗಡ್ಡೆ ಎಲ್ಲಿದೆ ಎಂದು ಹೇಗೆ ಗೊತ್ತಾಗುತ್ತದೆ? ಗಡ್ಡೆ ಉಬ್ಬಿ ಮೇಲಿನ ಮಣ್ಣು ಬಿರುಕು ಬಿಡುತ್ತದೆ. ಮಲೆನಾಡಿನಲ್ಲಿ ಕಾಡುಗೆಣಸು ಅಗೆದವರಿದ್ದರೆ ಕೇಳಿ ನೋಡಿ. ಈಗ ಆ ಬಿಳಿ ಗೆರೆಗಳನ್ನು ಮನಸ್ಸಿಗೆ ತಂದುಕೊಳ್ಳಿ. ನೆಲದಡಿಯ ಬೇರೂ ಅದೇ, ನೆಲದ ಮೇಲಿನ ಬಿರುಕೂ ಅದೇ. ಅವೆಲ್ಯ ಎಂಬ ಹೆಂಗಸರ ವಿಧಿಯಲ್ಲಿ ಎದೆಗೆ, ತೋಳಿಗೆ ಬೆರಳಿನಿಂದ ಎಳೆದುಕೊಳ್ಳುವ ಪಟ್ಟೆಯೂ ಅದೇ. ಮೂರನ್ನೂ ಒಂದೇ ಗೆರೆ ಹೇಳುತ್ತಿದೆ.

ಎಂಟು ಮೀಟರ್ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಅದರ ಮೇಲೇ ಚಕ್ಕಂಬಕ್ಕಳ ಹಾಕಿ ಕೂತು, ಪೆನ್ಸಿಲ್ ಗುರುತಿಲ್ಲದೆ, ಅಳಿಸಿ ತಿದ್ದದೆ ಎರಡು ದಿನದಲ್ಲಿ ಮುಗಿಸಿದರು. ಅಂದರೆ ಆ ಚಿತ್ರಕ್ಕೆ ಮೇಲೆ ಕೆಳಗೆ ಎಂಬುದೇ ಇಲ್ಲ. ಗ್ಯಾಲರಿಯವರು ಗೋಡೆಗೆ ಹಾಕಿದ್ದರಿಂದ ನಮಗೆ ಅದು ಎದುರಿಗೆ ನಿಂತ ಪರದೆಯಂತೆ ಕಾಣುತ್ತದೆ. ನೀವು ಅದನ್ನು ಮನಸ್ಸಿನಲ್ಲೇ ಬಿಚ್ಚಿ ನೆಲಕ್ಕೆ ಹಾಸಿಕೊಳ್ಳಿ. ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ರಂಗೋಲಿ ಎಳೆದ ಮೈಗೆ ಇದು ಸುಲಭ. ನಿಮ್ಮ ಊರಿನ ಕಡೆ ದೀವರ ಮನೆಗಳ ಹೆಂಗಸರು ಪುಂಡಿ ನಾರಿನ ಕುಂಚ ಹಿಡಿದು ಕೆಮ್ಮಣ್ಣಿನ ಗೋಡೆಗೆ ಅಕ್ಕಿ ಹಿಟ್ಟಿನಲ್ಲಿ ಹಸೆ ಚಿತ್ತಾರ ಎಳೆಯುವುದನ್ನು ನೋಡಿದ್ದೀರಲ್ಲ? ಅವರೂ ಪೆನ್ಸಿಲ್ ಹಿಡಿಯುವುದಿಲ್ಲ, ಗೆರೆ ಕೈಗೆ ಗೊತ್ತಿರುತ್ತದೆ. ಆ ಅರ್ಥದಲ್ಲಿ ನಿಮ್ಮ ರಂಗೋಲಿಯ ನೆನಪು ಮೂವರ ಮಾತಿನಲ್ಲಿ ಎಲ್ಲಕ್ಕಿಂತ ಹತ್ತಿರ. ಮಗಳ ‘ಮ್ಯಾಪ್’ ಕೂಡ ತಪ್ಪಲ್ಲ, ಜಾಗಗಳು, ದಾರಿಗಳು ಈ ಚಿತ್ರಗಳಲ್ಲಿ ನಿಜವಾಗಿಯೂ ಇರುತ್ತವೆ. ಆದರೆ ಮ್ಯಾಪು ದಾರಿ ಗೊತ್ತಿಲ್ಲದವರಿಗೆ ಬರೆಯುವಂಥದ್ದು. ಇದು ಗೊತ್ತಿರುವವರು ಬರೆದದ್ದು. ಅಳಿಯಂದಿರ ಮಾತು ಒಪ್ಪಲು ಕಷ್ಟ ಇದಕ್ಕೇ: ಎಮಿಲಿ ಏನನ್ನೂ ಕಳೆದಿಲ್ಲ. ಅಷ್ಟನ್ನೂ ಬರೆದೆ ಎಂದು ಆಕೆಯೇ ಹೇಳುತ್ತಿರುವಾಗ ಅರ್ಥ ಹುಡುಕಬೇಡಿ ಎಂದರೆ ಹೇಗೆ?

ಅವರಿಗೆ ಸಮಾಧಾನವಾಗುವಂಥ ಒಂದು ಪ್ರಸಂಗ ಹೇಳಿ. ಕಿಂಬರ್ಲಿ ಸೀಮೆಯ ರೋವರ್ ಥಾಮಸ್ ದನಗಾಹಿಯಾಗಿದ್ದವರು. 1974ರ ಕ್ರಿಸ್‌ಮಸ್‌ನಲ್ಲಿ ಡಾರ್ವಿನ್ ನಗರವನ್ನು ಕೆಡವಿಹಾಕಿದ ಟ್ರೇಸಿ ಚಂಡಮಾರುತವನ್ನು ಅವರು ಕಪ್ಪಗೆ ಅಗಲವಾಗುತ್ತ ಬರುವ ಒಂದು ಬಾಯಿಯ ಹಾಗೆ, ಮಣ್ಣಿನ ಬಣ್ಣಗಳಲ್ಲಿ ಬರೆದರು. 1990ರಲ್ಲಿ ಇಟಲಿಯ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನಕ್ಕೂ ಅವರ ಚಿತ್ರಗಳು ಹೋದವು. ಅವರನ್ನು ಕ್ಯಾನ್‌ಬೆರಾದ ರಾಷ್ಟ್ರೀಯ ಗ್ಯಾಲರಿಗೆ ಕರೆದೊಯ್ದಾಗ ಅಮೆರಿಕದ ಅಬ್‌ಸ್ಟ್ರಾಕ್ಟ್ ಚಿತ್ರಕಾರ ಮಾರ್ಕ್ ರೊಥ್ಕೊ ಅವರ ಚಿತ್ರದ ಮುಂದೆ ನಿಂತು, ನನ್ನ ಹಾಗೆ ಬರೆಯುತ್ತಾನಲ್ಲ, ಯಾರವನು ಎಂದು ಕೇಳಿದರಂತೆ. ನಾವೆಲ್ಲ ‘ಮೂಲನಿವಾಸಿಗಳು ಮಾಡರ್ನ್ ಆರ್ಟಿನ ಹಾಗೆ ಬರೆಯುತ್ತಾರೆ’ ಎಂದು ಹೊಗಳುತ್ತೇವೆ; ಅವರು ಅದನ್ನು ತಿರುಗಿಸಿ ಹಾಕಿದರು. ಕ್ಯಾನ್‌ಬೆರಾಕ್ಕೆ ಹೋಗುವುದಾದರೆ ಅಲ್ಲಿ ಇನ್ನೂರು ಟೊಳ್ಳು ಮರದ ಕಂಬಗಳ ಸ್ಮಾರಕವನ್ನೂ ನೋಡಿ. ಸತ್ತವರ ಎಲುಬು ಇಡುವ ಕಂಬಗಳವು. 1788ರಿಂದ 1988ರವರೆಗಿನ ಒಂದೊಂದು ವರ್ಷಕ್ಕೆ ಒಂದೊಂದರಂತೆ ರಾಮಿಂಗಿನಿಂಗ್ ಕಡೆಯ ಕಲಾವಿದರು ಮಾಡಿದ್ದು. ಅದನ್ನು ಎದುರಿಗೆ ನಿಂತು ನೋಡುವ ಹಾಗಿಲ್ಲ, ನಡುವೆ ಇರುವ ದಾರಿಯಲ್ಲಿ ನಡೆಯಬೇಕು.

ಇನ್ನು ಕೊಳ್ಳುವ ವಿಷಯ. ಪ್ರವಾಸಿಗಳ ಅಂಗಡಿಯಲ್ಲಿ ಹತ್ತಿಪ್ಪತ್ತು ಡಾಲರ್‌ಗೆ ಚುಕ್ಕಿ ಬಳಿದ ಬೂಮರಾಂಗ್ ಸಿಗುತ್ತದೆ, ಕೊಳ್ಳಬೇಡಿ. ಇಂಡೊನೇಷ್ಯಾದಲ್ಲಿ ಮಾಡಿಸಿದ ಸಾಮಾನನ್ನು ಮೂಲನಿವಾಸಿ ಕಲೆ ಎಂಬಂತೆ ಮಾರಿದ ಕಂಪನಿಯೊಂದಕ್ಕೆ 2019ರಲ್ಲಿ ಫೆಡರಲ್ ಕೋರ್ಟು 23 ಲಕ್ಷ ಡಾಲರ್ ದಂಡ ಹಾಕಿತು. ದಂಧೆ ನಿಂತಿದೆ ಎಂದು ನನಗನ್ನಿಸುವುದಿಲ್ಲ. ಸಮುದಾಯದವರೇ ನಡೆಸುವ ಆರ್ಟ್ ಸೆಂಟರ್‌ಗಳಿವೆ, ಪಾಪುನ್ಯಾ ಟೂಲಾ ಕೂಡ ಅಂಥದ್ದೇ. ಅವರು ಚಿಕ್ಕ ಚಿತ್ರಗಳನ್ನೂ ಮಾರುತ್ತಾರೆ. ಇಂಡಿಜಿನಸ್ ಆರ್ಟ್ ಕೋಡ್ ಎಂಬ ನಡಾವಳಿಗೆ ಸಹಿ ಹಾಕಿದ ಅಂಗಡಿಗಳಲ್ಲೂ ಕೊಳ್ಳಬಹುದು. ಮೂರು ಪ್ರಶ್ನೆ ಕೇಳಿ: ಬರೆದವರ ಹೆಸರೇನು, ಯಾವ ಊರು, ಅವರಿಗೆ ದುಡ್ಡು ಹೇಗೆ ಸೇರುತ್ತದೆ. ತಡವರಿಸಿದರೆ ಹೊರಗೆ ಬನ್ನಿ, ಸಂಕೋಚ ಬೇಡ. ಕ್ಲಿಫರ್ಡ್ ಪಾಸಮ್ ಜಪಲ್ಜಾರಿ 1977ರಲ್ಲಿ ಬರೆದ ‘ವಾರ್ಲುಗುಲಾಂಗ್’ ಆಗ 1,200 ಡಾಲರ್‌ಗೆ ಹೋಯಿತು. ಅದನ್ನೇ 2007ರಲ್ಲಿ ರಾಷ್ಟ್ರೀಯ ಗ್ಯಾಲರಿ 24 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಅವರು 2002ರಲ್ಲೇ ತೀರಿಕೊಂಡಿದ್ದರು, ಮನೆಯವರಿಗೆ ಆ ಮಾರಾಟದಿಂದ ಕಾನೂನಿನ ಪ್ರಕಾರ ಏನೂ ಬರುವಂತಿರಲಿಲ್ಲ. 2010ರಿಂದ ಸಾವಿರ ಡಾಲರ್ ಅಥವಾ ಮೇಲ್ಪಟ್ಟ ಮರುಮಾರಾಟದಲ್ಲಿ ಶೇಕಡ 5 ಕಲಾವಿದರಿಗೆ ಅಥವಾ ವಾರಸುದಾರರಿಗೆ ಸೇರಬೇಕೆಂಬ ನಿಯಮ ಬಂದಿದೆ.

ಮುಂದಿನ ಸಲ ಹೋಗುವಾಗ ಎಲ್ಲ ನೋಡಲು ಹೋಗಬೇಡಿ. ವಿಲಿಯಮ್ಸ್ ಅವರದ್ದೊಂದು, ಎಮಿಲಿಯವರದ್ದೊಂದು ಸಾಕು. ಗೋಡೆಯ ಮೇಲಿನವು ಆಗಾಗ ಬದಲಾಗುವುದರಿಂದ ಹೊರಡುವ ಮೊದಲು ಮಗಳಿಗೆ ಹೇಳಿ ಗ್ಯಾಲರಿಯ ವೆಬ್‌ಸೈಟಿನಲ್ಲಿ ನೋಡಿಸಿ. ತೀರಿಕೊಂಡವರ ಹೆಸರು, ಫೋಟೊ ಇರುತ್ತದೆ ಎಂಬ ಎಚ್ಚರಿಕೆ ಬಾಗಿಲಲ್ಲಿ ಕಂಡರೆ ಗಾಬರಿಯಾಗಬೇಡಿ. ಸತ್ತವರ ಹೆಸರನ್ನು ಕೆಲ ಕಾಲ ಹೇಳದಿರುವ ಪದ್ಧತಿ ಅನೇಕ ಸಮುದಾಯಗಳಲ್ಲಿದೆ, ಅವರ ಸಲುವಾಗಿ ಹಾಕಿರುವುದು. ಶಾಶ್ವತ ಸಂಗ್ರಹ ನೋಡಲು ದುಡ್ಡಿಲ್ಲ, ಮೊಮ್ಮಗುವಿನ ತಳ್ಳುಗಾಡಿಯನ್ನೂ ಒಳಗೆ ಬಿಡುತ್ತಾರೆ. ಹತ್ತು ಗಂಟೆಗೆ ಬಾಗಿಲು ತೆಗೆಯುತ್ತದೆ. ವಾರದ ದಿನ ಬೆಳಗ್ಗೆಯೇ ಹೋದರೆ ಶಾಲಾ ಮಕ್ಕಳ ಗುಂಪು ಬರುವವರೆಗೆ ಆ ಗೆಣಸಿನ ಚಿತ್ರದ ಮುಂದೆ ಬಹುಶಃ ನೀವಿಬ್ಬರೇ ಇರುತ್ತೀರಿ.